ಆ ಬೋರ್ಡಿನ ಹಿಂದಿನ ವೋಚರ್

ಇವತ್ತಿನ ಎಪಿಸೋಡ್ ಒಂದು ಬೋರ್ಡಿನ ಬಗ್ಗೆ. ನಿಮ್ಮ ಕಾಲೇಜಿನಲ್ಲೂ ಇರಬಹುದು, ನೋಡಿ. ಆಫೀಸ್ ರೂಮಿನ ಪಕ್ಕ, ರ‍್ಯಾಗಿಂಗ್ ನಿಷೇಧದ ಪೋಸ್ಟರ್ ಕೆಳಗೆ, ‘ಸಮಾನ ಅವಕಾಶ ಕೋಶ’ ಅಂತ ಬರೆದಿರುತ್ತೆ. ಬಿ.ಕಾಂ. ಓದಿದ ಮೂರು ವರ್ಷ ನಾನು ದಿನಾ ಅದರ ಮುಂದೆಯೇ ಓಡಾಡಿದೆ. ಒಂದು ದಿನವೂ ನಿಂತು ಓದಲಿಲ್ಲ.

ಸೆಕೆಂಡ್ ಇಯರ್‌ನಲ್ಲಿ ಆ ಕೋಶದ ಕಡೆಯಿಂದ ಸಾಮಾಜಿಕ ನ್ಯಾಯದ ಅರಿವು ಕಾರ್ಯಕ್ರಮ ಆಯ್ತು. ಸೆಮಿನಾರ್ ಹಾಲ್, ಬ್ಯಾನರ್, ಮುಖ್ಯ ಅತಿಥಿಗೆ ಶಾಲು, ಕೊನೆಗೆ ಎಲ್ಲರೂ ಕೈ ಮುಂದೆ ಚಾಚಿ ಪ್ರತಿಜ್ಞೆ. ಮೈಕ್ ಹಿಡಿದು ನಿರೂಪಣೆ ಮಾಡಿದ್ದು ನಾನೇ.

ಅದೇ ವಾರ ಆಫೀಸಿನಿಂದ ಒಬ್ಬರು ಕ್ಲಾಸಿಗೆ ಬಂದು, “ಸ್ಕಾಲರ್‌ಶಿಪ್ ಫಾರ್ಮ್ ಬಂದಿದೆ, ಎಸ್‌ಸಿ-ಎಸ್‌ಟಿ ಸ್ಟೂಡೆಂಟ್ಸ್ ಎಲ್ಲ ಎದ್ದು ನಿಲ್ಲಿ” ಅಂದ್ರು. ಏಳೆಂಟು ಜನ ನಿಂತರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಏಳಲಿಲ್ಲ. ಆ ವರ್ಷ ಅವನಿಗೆ ಸ್ಕಾಲರ್‌ಶಿಪ್ ಬರಲಿಲ್ಲ. ಯಾಕೆ ಅಂತ ನನಗೆ ಗೊತ್ತಾಗಿದ್ದು ಕಾಲೇಜು ಮುಗಿದು ಎರಡು ವರ್ಷವಾದ ಮೇಲೆ, ಒಂದು ಟೀ ಅಂಗಡಿ ಮುಂದೆ, ಅವನೇ ಬಾಯಿ ಬಿಟ್ಟಾಗ.

ಅಕೌಂಟ್ಸ್ ಓದಿದವರಿಗೆ ಒಂದು ಚಟ ಇರುತ್ತೆ. ಪುಸ್ತಕದಲ್ಲಿ ಎಂಟ್ರಿ ಕಂಡರೆ ಅದರ ವೋಚರ್ ಎಲ್ಲಿ ಅಂತ ಕೇಳ್ತೀವಿ. ಅವತ್ತು ರಾತ್ರಿ ನನಗೂ ಅದೇ ಪ್ರಶ್ನೆ ಬಂತು. ಈ ಬೋರ್ಡ್ ಅನ್ನೋದು ಎಂಟ್ರಿ ಆದರೆ, ಇದರ ವೋಚರ್ ಎಲ್ಲಿದೆ? ಹುಡುಕುತ್ತಾ ಹೋದೆ.

ಮೊದಲು ಸಿಕ್ಕಿದ್ದು ಒಂದು ಕಾಮರ್ಸ್ ಕಾಲೇಜು. 1918ರ ಬಾಂಬೆ, ಸಿಡೆನ್‌ಹ್ಯಾಮ್ ಕಾಲೇಜು. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಎಂ.ಎ. ಮುಗಿಸಿ, ಲಂಡನ್ನಿನಲ್ಲಿ ಓದಿ ಬಂದಿದ್ದ ಡಾ. ಅಂಬೇಡ್ಕರ್ ಅಲ್ಲಿ ರಾಜಕೀಯ ಅರ್ಥಶಾಸ್ತ್ರದ ಪ್ರೊಫೆಸರ್ ಆಗಿ ಸೇರಿದರು. ಅವರ ಪಾಠ ಕೇಳಲು ಬೇರೆ ಕಾಲೇಜಿನ ಹುಡುಗರೂ ಬರುತ್ತಿದ್ದರು. ಆದರೆ ಸಿಬ್ಬಂದಿಗೆ ಇಟ್ಟಿದ್ದ ನೀರಿನ ಪಾತ್ರೆಯಿಂದ ಅವರು ನೀರು ಕುಡಿಯಬಾರದು ಅಂತ ಜೊತೆಯ ಪ್ರೊಫೆಸರುಗಳೇ ತಕರಾರು ತೆಗೆದರು. ಪಾಠ ಬೇಕಿತ್ತು, ಅವರು ಮುಟ್ಟಿದ ನೀರು ಬೇಡವಾಗಿತ್ತು.

ಮುಂದೆ 1945ರಲ್ಲಿ ಅಂಬೇಡ್ಕರ್ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿದರು. ಮರುವರ್ಷವೇ ಅದರ ಸಿದ್ಧಾರ್ಥ ಕಾಲೇಜು ಬಾಂಬೆಯಲ್ಲಿ ಶುರುವಾಯಿತು. 1950ರಲ್ಲಿ ಸಂವಿಧಾನ ಜಾರಿಗೆ ಬಂತು, 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅಲ್ಲಿಗೆ ಕಥೆ ಮುಗೀತು ಅಂದ್ಕೊಂಡ್ರಾ? ನಾನೂ ಹಾಗೇ ಅಂದ್ಕೊಂಡಿದ್ದೆ.

ಅಲ್ಲಿಂದ ನೇರ 2006ಕ್ಕೆ ಬನ್ನಿ. ದೆಹಲಿಯ ಏಮ್ಸ್‌ನಲ್ಲಿ ದಲಿತ ಮತ್ತು ಆದಿವಾಸಿ ವಿದ್ಯಾರ್ಥಿಗಳಿಗೆ ತಾರತಮ್ಯ ಆಗ್ತಿದೆ ಅನ್ನೋ ದೂರು ಎದ್ದಿತು. ಆಗ ಯುಜಿಸಿ ಅಧ್ಯಕ್ಷರಾಗಿದ್ದ ಸುಖದೇವ್ ಥೋರಟ್ ನೇತೃತ್ವದಲ್ಲಿ ಕೇಂದ್ರ ಸರ್ಕಾರ ಸಮಿತಿ ಮಾಡಿತು. 2007ರಲ್ಲಿ ವರದಿ ಬಂತು. ಅವಮಾನ ತಡೆಯಲಾರದೆ ಈ ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ ತಮ್ಮವರಿರುವ ಮಹಡಿಗಳಿಗೆ ರೂಮ್ ಬದಲಾಯಿಸಿಕೊಂಡು ಹೋಗುತ್ತಿದ್ದರು ಎಂದು ಅದರಲ್ಲಿತ್ತು. ದೇಶದ ದೊಡ್ಡ ಮೆಡಿಕಲ್ ಕಾಲೇಜಿನಲ್ಲಿ, ನೀರಿನ ಪಾತ್ರೆಯ ಜಾಗಕ್ಕೆ ಹಾಸ್ಟೆಲ್ ಮಹಡಿ ಬಂದಿತ್ತು, ಅಷ್ಟೇ.

2012ರಲ್ಲಿ ಯುಜಿಸಿ ಸಮಾನತೆಯ ನಿಯಮಾವಳಿ ತಂತು. ನಮ್ಮ ಗೋಡೆಯ ಬೋರ್ಡ್ ಹುಟ್ಟಿದ್ದು ಇದರಿಂದ. ಪ್ರತಿ ಕಾಲೇಜಿನಲ್ಲೂ ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯ ತಡೆ ಅಧಿಕಾರಿ ಇರಬೇಕು ಅಂತ ಹೇಳಿತು. ಯಾವುದು ತಾರತಮ್ಯ ಅಂತ ಉದ್ದದ ಪಟ್ಟಿಯನ್ನೇ ಕೊಟ್ಟಿತು. ಅದನ್ನು ಫೋನಿನಲ್ಲಿ ಓದ್ತಾ ಓದ್ತಾ ಒಂದು ಕಡೆ ನನ್ನ ಬೆರಳು ನಿಂತುಬಿಡ್ತು. ತರಗತಿಯಲ್ಲಿ ವಿದ್ಯಾರ್ಥಿಗಳ ಜಾತಿಯನ್ನು ಬಹಿರಂಗವಾಗಿ ಹೇಳುವುದೂ ಆ ಪಟ್ಟಿಯಲ್ಲಿತ್ತು.

ನನ್ನ ಗೆಳೆಯ ಕೂತೇ ಇದ್ದ ದಿನಕ್ಕೆ ಆ ನಿಯಮ ಬಂದು ನಾಲ್ಕು ವರ್ಷ ದಾಟಿತ್ತು. ನಮ್ಮ ಕ್ಲಾಸಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಪ್ರತಿಜ್ಞೆ ಬೋಧಿಸಿದ ಆ ಕಾರ್ಯಕ್ರಮದಲ್ಲೂ ಒಬ್ಬರೂ ಅದನ್ನು ಹೇಳಿರಲಿಲ್ಲ.

ನಿಯಮ ಇದ್ದ ಕಾಲದಲ್ಲೇ, 2016ರ ಜನವರಿ 17ರಂದು, ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಪ್ರಾಣ ಕಳೆದುಕೊಂಡರು. ಅವರೂ ಸೇರಿ ಅಂಬೇಡ್ಕರ್ ಸ್ಟೂಡೆಂಟ್ಸ್ ಅಸೋಸಿಯೇಷನ್‌ನ ಐವರನ್ನು ಹಾಸ್ಟೆಲಿನಿಂದ ಹೊರಗೆ ಹಾಕಲಾಗಿತ್ತು. 2019ರ ಮೇನಲ್ಲಿ ಮುಂಬೈನಲ್ಲಿ ಆದಿವಾಸಿ ಸಮುದಾಯದ ಯುವ ವೈದ್ಯೆ ಪಾಯಲ್ ತಡ್ವಿ ತೀರಿಕೊಂಡರು. ಸೀನಿಯರ್‌ಗಳು ಜಾತಿ ಹಿಡಿದು ಹಿಂಸಿಸಿದರು ಎಂಬುದು ಕುಟುಂಬದವರ ಆರೋಪ. ಅದೇ ವರ್ಷ ರೋಹಿತ್ ತಾಯಿ ರಾಧಿಕಾ ವೇಮುಲ, ಪಾಯಲ್ ತಾಯಿ ಆಬಿದಾ ತಡ್ವಿ, ಇಬ್ಬರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 2012ರ ನಿಯಮ ಕಾಗದದಲ್ಲೇ ಉಳಿದಿದೆ, ಅದನ್ನು ಜಾರಿ ಮಾಡಿಸಿ ಅನ್ನುವುದೇ ಅವರ ಅಹವಾಲು.

ಆ ಕೇಸಿನ ಬೆನ್ನಲ್ಲೇ 2026ರ ಜನವರಿ 13ರಂದು ಯುಜಿಸಿ ಹೊಸ ನಿಯಮ ಹೊರಡಿಸಿತು. ಪರ-ವಿರೋಧ ಜೋರಾಯ್ತು. ಜನವರಿ 29ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟು, 2012ರದ್ದೇ ಮುಂದುವರಿಯಲಿ ಅಂತು. ಹೊಸ ನಿಯಮದ ಬಗ್ಗೆ ನಿಮಗೆ ನಿಮ್ಮದೇ ಅಭಿಪ್ರಾಯ ಇರಬಹುದು, ಇರಲಿ. ಆದರೆ ಹಳೆಯದನ್ನಾದರೂ ನಾವು ಓದಿದ್ವಾ?

ವೋಚರ್ ಸಿಕ್ಕಿತು ನನಗೆ. ಒಬ್ಬ ಪ್ರೊಫೆಸರಿಗೆ ಸಿಗದ ನೀರು, ಹಾಸ್ಟೆಲಿನಲ್ಲಿ ಬದಲಾದ ರೂಮು, ಕೋರ್ಟಿನ ಮೆಟ್ಟಿಲು ಹತ್ತಿದ ಇಬ್ಬರು ಅಮ್ಮಂದಿರು. ಇಷ್ಟೆಲ್ಲ ತೆತ್ತು ಬಂದ ಬೋರ್ಡನ್ನು ನಾವು ಗೋಡೆಯ ಅಲಂಕಾರ ಮಾಡ್ಕೊಂಡಿದ್ದೀವಿ. ಅರಿವು ಕಾರ್ಯಕ್ರಮ ಬೇಡ ಅಂತ ನಾನು ಹೇಳಲ್ಲ. ಶಾಲು ಹೊದಿಸೋ ಹೊತ್ತಿನಲ್ಲಿ ಆ ಪಟ್ಟಿಯನ್ನು ಒಮ್ಮೆ ಜೋರಾಗಿ ಓದಿಬಿಟ್ಟರೆ ಸಾಕಿತ್ತು.

ಈ ಎಪಿಸೋಡ್ ರೆಕಾರ್ಡ್ ಮಾಡೋ ಮುಂಚೆ ಗೆಳೆಯನಿಗೆ ಫೋನ್ ಮಾಡಿ, ನಿನ್ನ ವಿಷಯ ಹೇಳಲಾ ಅಂತ ಕೇಳಿದೆ. “ಹೇಳು, ಹೆಸರು ಬೇಡ” ಅಂದ. ಆಮೇಲೆ ಸ್ವಲ್ಪ ಸುಮ್ಮನಿದ್ದು, “ಅವತ್ತು ನೀನೂ ಏನೂ ಮಾತಾಡಲಿಲ್ಲ ಕಣೋ” ಅಂದ. ನಿಜ. ಮೈಕ್ ಇದ್ದಾಗ ಮಾತಾಡಿದ್ದೆ. ಇಲ್ಲದಾಗ ಇಲ್ಲ.

ನಾಳೆ ಕಾಲೇಜಿಗೆ ಹೋದಾಗ ಆ ಬೋರ್ಡ್ ಮುಂದೆ ಒಂದು ನಿಮಿಷ ನಿಲ್ಲಿ. ಅಲ್ಲಿರೋ ಅಧಿಕಾರಿಯ ಹೆಸರು, ನಂಬರ್ ಫೋನಿನಲ್ಲಿ ಸೇವ್ ಮಾಡ್ಕೊಳ್ಳಿ. ಹೆಸರೇ ಇಲ್ಲದಿದ್ದರೆ, ಯಾಕಿಲ್ಲ ಅಂತ ಆಫೀಸಿನಲ್ಲಿ ಕೇಳಿ. ಮುಂದಿನ ವಾರ ಸಿಗೋಣ.