ಕಾಲವಲ್ಲದ ಕಾಲದ ಜಿಗಿತ

ಶಾಂತಸಾಗರದ ಭೂಪಟವನ್ನು ಕೇಳುಗರು ಒಮ್ಮೆ ಮನಸ್ಸಿನಲ್ಲೇ ಹರಡಿಕೊಳ್ಳಬೇಕು. ಆಸ್ಟ್ರೇಲಿಯದ ಪೂರ್ವಕ್ಕೆ, 1,700 ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ, 80ಕ್ಕೂ ಹೆಚ್ಚು ದ್ವೀಪಗಳ ಒಂದು ಸಾಲಿದೆ. ಇಂದು ಅದು ವನುವಾಟು ಎಂಬ ಸ್ವತಂತ್ರ ರಾಷ್ಟ್ರ. 1980ರ ಜುಲೈ 30ರಂದು ಸ್ವಾತಂತ್ರ್ಯ ಬರುವವರೆಗೆ ನ್ಯೂ ಹೆಬ್ರಿಡೀಸ್ ಎಂಬ ಹೆಸರಿನಿಂದ ಬ್ರಿಟಿಷರ ಮತ್ತು ಫ್ರೆಂಚರ ಜಂಟಿ ಆಡಳಿತದಲ್ಲಿತ್ತು. ಒಂದೇ ನಾಡಿಗೆ ಎರಡು ಪೊಲೀಸು ಪಡೆ, ಎರಡು ಬಗೆಯ ಕಾನೂನು. ಆ ವಿಚಿತ್ರ ಸಂಸಾರದ ಕಥೆ ಇನ್ನೊಂದು ದಿನಕ್ಕಿರಲಿ. ಆ ಸಾಲಿನಲ್ಲಿ ಪೆಂಟಿಕೋಸ್ಟ್ ಎಂಬ ನೀಳವಾದ ದ್ವೀಪವೊಂದಿದೆ. 1768ರಲ್ಲಿ ಬೂಗನ್‌ವಿಲ್ ಎಂಬ ಫ್ರೆಂಚ್ ನಾವಿಕನು ಕ್ರೈಸ್ತರ ಆ ಹೆಸರಿನ ಹಬ್ಬದ ದಿನ ಅದನ್ನು ಕಂಡನಾದ್ದರಿಂದ ಈ ಹೆಸರು. ನಮ್ಮ ಕಾಂಪೌಂಡುಗಳ ಮೇಲೆ ಹಬ್ಬುವ ಕಾಗದದ ಹೂವಿನ ಬಳ್ಳಿಗೆ ಅಂಟಿಕೊಂಡಿರುವುದೂ ಇವನ ಹೆಸರೇ.

ಈ ದ್ವೀಪದ ದಕ್ಷಿಣ ಭಾಗದಲ್ಲಿ ಸಾ ಎಂಬ ಭಾಷೆಯನ್ನಾಡುವ ಜನರಿದ್ದಾರೆ. ಅವರಲ್ಲಿ ‘ಗೋಲ್’ ಎಂಬ ಒಂದು ಆಚರಣೆಯುಂಟು. ಕೊಂಬೆ ಸವರಿದ ಮರವೊಂದನ್ನು ನಡುಗಂಬವಾಗಿಸಿಕೊಂಡು, ಅದರ ಸುತ್ತ ಕಾಡಿನ ಮರಗಳನ್ನು ಬಳ್ಳಿಯಿಂದಲೇ ಬಿಗಿದು, 20–30 ಮೀಟರು ಎತ್ತರದ ಗೋಪುರವನ್ನು ನಿಲ್ಲಿಸುತ್ತಾರೆ. ಬೇರೆ ಬೇರೆ ಎತ್ತರಗಳಲ್ಲಿ ಹಲಗೆಯ ಮೆಟ್ಟುಗಳು. ಕಣಕಾಲುಗಳಿಗೆ ಕಾಡುಬಳ್ಳಿ ಕಟ್ಟಿಕೊಂಡ ಗಂಡಸರು ಅಲ್ಲಿಂದ ತಲೆಕೆಳಗಾಗಿ ಧುಮುಕುತ್ತಾರೆ. ಕೆಳಗಿನ ಮೆಟ್ಟಿನಿಂದ ಎಳೆಯರು, ತುತ್ತತುದಿಯಿಂದ ನುರಿತವರು. ಕೆಳಗೆ ಅಗೆದು ಕಲ್ಲು ಆಯ್ದು ಮೆತ್ತಗೆ ಮಾಡಿದ ಮಣ್ಣಿಗೆ ಭುಜ ತಾಗಿಯೂ ತಾಗದಂತಿರಬೇಕು. ಹಾಗೆ ತಾಗಿದರೆ ಮುಂದಿನ ಯಾಮ್ ಗೆಡ್ಡೆಯ ಬೆಳೆ ಹುಲುಸಾಗುತ್ತದೆಂಬ ನಂಬಿಕೆ. ಹೆಂಗಸರು ದೂರದಲ್ಲಿ ಸಾಲಾಗಿ ನಿಂತು ಕುಣಿಯುತ್ತ, ಸಿಳ್ಳು ಹಾಕುತ್ತ ಧುಮುಕುವವನಿಗೆ ಧೈರ್ಯ ತುಂಬುತ್ತಾರೆ. ಗೋಪುರದ ಹತ್ತಿರ ಅವರು ಸುಳಿಯುವಂತಿಲ್ಲ.

ವಿಚಿತ್ರವೆಂದರೆ, ಮೊತ್ತಮೊದಲು ಧುಮುಕಿದವಳು ಒಬ್ಬ ಹೆಂಗಸೆಂದೇ ಅವರ ಐತಿಹ್ಯ ಹೇಳುತ್ತದೆ. ಗಂಡ ತಮಾಲಿಯ ಕಾಟ ತಾಳಲಾರದೆ ಅವಳು ಆಲದ ಮರ ಹತ್ತಿದಳು. ಅವನೂ ಬೆನ್ನು ಹತ್ತಿದ. ಅವಳು ಕಾಲಿಗೆ ಬಳ್ಳಿ ಕಟ್ಟಿಕೊಂಡು ಹಾರಿ ಬದುಕಿಕೊಂಡಳು. ಬಳ್ಳಿಯ ಗುಟ್ಟರಿಯದೆ ಹಾರಿದ ಅವನು ಸತ್ತ. ಇನ್ನು ಮುಂದೆ ಹೆಂಗಸರಿಂದ ಮೋಸ ಹೋಗಬಾರದೆಂದು ಗಂಡಸರು ಆ ವಿದ್ಯೆಯನ್ನು ಕಲಿತರಂತೆ. ಕಲಿತ ಮೇಲೆ ಕಲಿಸಿದವಳ ಕುಲವನ್ನೇ ಅದರಿಂದ ಹೊರಗಿಟ್ಟರು!

ಈ ಸಾಹಸದ ಜೀವವಿರುವುದು ಬಳ್ಳಿಯಲ್ಲಿ. ಜಿಗಿಯುವವನ ತೂಕ, ಮೆಟ್ಟಿನ ಎತ್ತರ, ಬಳ್ಳಿಯ ಬಾಗು ಮೂರನ್ನೂ ಹಿರಿಯರು ಬರಿಗಣ್ಣಿನಿಂದಲೇ ಅಳೆಯುತ್ತಾರೆ. ಅಳತೆ ಒಂದಿಷ್ಟು ಹೆಚ್ಚಾದರೆ ಕತ್ತು ಮುರಿಯುತ್ತದೆ. ಕಡಿಮೆಯಾದರೆ ಗೋಪುರಕ್ಕೇ ಬಂದು ಅಪ್ಪಳಿಸುತ್ತಾನೆ. ಬಳ್ಳಿಯಲ್ಲಿ ರಸ ತುಂಬಿರಬೇಕು. ಎಳೆದರೆ ಜಗ್ಗಬೇಕು, ಹರಿಯಬಾರದು. ಯಾಮ್ ಗೆಡ್ಡೆ ಕೈಗೆ ಬರುವ ಏಪ್ರಿಲ್‌ನಿಂದ ಜೂನ್‌ವರೆಗಿನ ದಿನಗಳೇ ಅದಕ್ಕೆ ಹದ. ಆಚರಣೆಯ ಪಂಚಾಂಗವೂ ಬಳ್ಳಿಯ ಪಂಚಾಂಗವೂ ಅಲ್ಲಿ ಒಂದೇ. ನಾವು ‘ಮೂಢ ಕಟ್ಟಳೆ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದರೊಳಗೆ ಇಂಥ ತಿಳಿವು ಎಷ್ಟು ಅಡಗಿದೆಯೋ!

ಮಿಷನರಿಗಳು ಈ ಜಿಗಿತವನ್ನು ಮೆಚ್ಚಲಿಲ್ಲ. ಅವರ ಮತಕ್ಕೆ ಸೇರಿದ ಊರುಗಳಲ್ಲಿ ಅದು ಹಿಂದಾಯಿತು. ಬುನ್ಲಾಪ್‌ನಂಥ ಹಳೆಯ ನಡೆಯ ಊರುಗಳಲ್ಲಿ ಉಳಿಯಿತು. ಆದರೆ ಹೊರಗಿನ ಲೋಕದ ಕಣ್ಣು ಅದರ ಮೇಲೆ ಬಿದ್ದಾಗಿತ್ತು. 1960ರ ಸುಮಾರಿಗೆ ಡೇವಿಡ್ ಆಟೆನ್‌ಬರೋ ಅದನ್ನು ಚಿತ್ರೀಕರಿಸಿ ಇಂಗ್ಲೆಂಡಿನ ಟೆಲಿವಿಷನ್ ವೀಕ್ಷಕರಿಗೆ ತೋರಿಸಿದರು.

1974ರ ಫೆಬ್ರವರಿಯಲ್ಲಿ ಎರಡನೆಯ ಎಲಿಜಬೆತ್ ರಾಣಿ ಈ ದ್ವೀಪಗಳಿಗೆ ಭೇಟಿ ಕೊಟ್ಟರು. ಬ್ರಿಟಿಷ್ ಅಧಿಕಾರಿಗಳಿಗೆ ತಮ್ಮ ಅರಸಿಗೆ ಏನಾದರೂ ಅಪೂರ್ವವಾದುದನ್ನು ತೋರಿಸುವ ಹಂಬಲ. ತಪ್ಪೇನೂ ಅಲ್ಲ, ಮನೆಗೆ ಬಂದ ದೊಡ್ಡವರಿಗೆ ಒಳ್ಳೆಯದನ್ನೇ ಬಡಿಸಬೇಕೆನ್ನುವುದು ಎಲ್ಲ ಕಡೆಯ ರೂಢಿ. ಆದರೆ ಇಲ್ಲಿ ಮನೆ ಯಾರದು, ಬಡಿಸುವವರು ಯಾರು? ಅತಿಥಿಯನ್ನು ಕರೆದದ್ದು ಆಡಳಿತ. ದಿನ ಗೊತ್ತುಮಾಡಿದ್ದು ರಾಣಿಯ ಪ್ರವಾಸದ ಪಟ್ಟಿ. ಕಾಲಿಗೆ ಬಳ್ಳಿ ಕಟ್ಟಿಕೊಳ್ಳಬೇಕಾದವರು ಮಾತ್ರ ದ್ವೀಪದವರು. ಫೆಬ್ರವರಿಯೆಂದರೆ ಹದಕ್ಕೆ ಇನ್ನೂ ಎರಡು ತಿಂಗಳಿತ್ತು. ಬಳ್ಳಿ ಪಕ್ವವಾಗಿರಲಿಲ್ಲ. ಆದರೂ ಪಾಯಿಂಟ್ ಕ್ರಾಸ್ ಎಂಬ ಹಳ್ಳಿಯವರನ್ನು ಒಪ್ಪಿಸಲಾಯಿತು. ಧುಮುಕಲು ಮಿಷನ್ನಿನ ಕಡೆಯವರು ಮುಂದೆ ಬಂದರು. ಅವರಲ್ಲೊಬ್ಬನ ಎರಡು ಕಾಲಿನ ಬಳ್ಳಿಗಳೂ ಹರಿದುಹೋದವು. ಬೆನ್ನು ಮುರಿದು ಬಿದ್ದ ಆತ ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ.

ಒಪ್ಪಿಗೆ ಎಂಬ ಮಾತನ್ನು ಇಲ್ಲಿ ತುಸು ನಿಂತು ನೋಡಬೇಕಾಗುತ್ತದೆ. ಬಲಾತ್ಕಾರ ನಡೆಯಿತೆಂದು ನಾನು ಹೇಳುತ್ತಿಲ್ಲ. ಆದರೆ ಆಳುವವರು ಬಂದು ಕೇಳಿದಾಗ ‘ಈಗಲ್ಲ, ಏಪ್ರಿಲ್ ಕಳೆಯಲಿ’ ಎಂದು ಹೇಳುವಷ್ಟು ಸಲುಗೆ ಆಳಿಸಿಕೊಳ್ಳುವವರಿಗೆ ಎಲ್ಲಿಂದ ಬರಬೇಕು?

ಇದಾದ ಐದು ವರ್ಷಕ್ಕೆ, 1979ರ ಏಪ್ರಿಲ್ 1ರಂದು, ಆಕ್ಸ್‌ಫರ್ಡಿನ ಕೆಲವು ಸಾಹಸಪ್ರಿಯ ತರುಣರು ಬ್ರಿಸ್ಟಲ್ ನಗರದ ಕ್ಲಿಫ್ಟನ್ ತೂಗುಸೇತುವೆಯಿಂದ ರಬ್ಬರು ಹಗ್ಗ ಕಟ್ಟಿಕೊಂಡು ಹಾರಿದರು. ಅವರಿಗೆ ಸ್ಫೂರ್ತಿ ಪೆಂಟಿಕೋಸ್ಟಿನವರೇ. ‘ಬಂಜಿ’ ಎಂಬ ಆಟ ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿ, ಮುಂದೆ ವ್ಯಾಪಾರವೂ ಆಯಿತು. ರಬ್ಬರಿಗೆ ಋತುವಿಲ್ಲ, ಹಿರಿಯರ ಕಣ್ಣಳತೆಯೂ ಬೇಡ.

ದ್ವೀಪದವರ ಬಿಸ್ಲಾಮಾ ಎಂಬ ಬೆರಕೆ ನುಡಿಯಲ್ಲಿ ‘ಕಸ್ಟಮ್’ ಎಂಬ ಮಾತಿದೆ. ಇಂಗ್ಲಿಷಿನಿಂದಲೇ ಪಡೆದ ಶಬ್ದ. ಪರಂಪರೆಯಿಂದ ಬಂದ ನಡೆಯೆಲ್ಲಕ್ಕೂ ಅದೊಂದೇ ಹೆಸರು. ಸ್ವಾತಂತ್ರ್ಯದ ಹೋರಾಟದ ಕಾಲದಲ್ಲಿ ಆಳುವವರ ಮುಂದೆ ತಮ್ಮತನವನ್ನು ಸಾರಲು ಈ ಪದವನ್ನೇ ಎತ್ತಿ ಹಿಡಿದರು. ಭಾಷೆಯ ವಿದ್ಯಾರ್ಥಿಯಾದ ನನಗೆ ಇದು ಬಹಳ ರುಚಿಸಿದ ಸಂಗತಿ. ಆದರೆ ಅದೇ ಕಸ್ಟಮ್ ಪ್ರವಾಸಿಗರ ಮುಂದೆ ಮಾರಾಟದ ಸರಕೂ ಆಗುತ್ತದೆಂಬುದನ್ನು ಆ ಭಾಗದಲ್ಲೇ ನೆಲೆಸಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಜಾಲಿ 1994ರಲ್ಲಿ ವಿವರವಾಗಿ ಚರ್ಚಿಸಿದ್ದಾರೆ.

ಈಗಲೂ ಹಡಗು ವಿಮಾನಗಳಲ್ಲಿ ಜನ ಬರುತ್ತಾರೆ, ಶುಲ್ಕ ಕೊಟ್ಟು ನೋಡುತ್ತಾರೆ. ಆ ಹಣ ಊರಿಗೆ ಬೇಕು. ಮಕ್ಕಳ ಶಾಲೆಯ ಖರ್ಚಿಗೆ ಬೇಕು. ಹಣಕ್ಕಾಗಿ ಜಿಗಿತಗಳು ಹೆಚ್ಚುತ್ತಿವೆಯೆಂಬ ಆತಂಕವೂ ಅವರಲ್ಲೇ ಇದೆ. 2006ರ ಮೊದಲಲ್ಲಿ ವನುವಾಟು ಸಾಂಸ್ಕೃತಿಕ ಕೇಂದ್ರವು ಹೊರದೇಶದ ವಾಣಿಜ್ಯ ಚಿತ್ರೀಕರಣಕ್ಕೆ ತಡೆಯೊಡ್ಡಿತು. ನೋಡಬಂದ ಸಾಮಾನ್ಯ ಅತಿಥಿಗೆ ಅಡ್ಡಿಯಿಲ್ಲ. ಆತ ಬರಬೇಕಾದದ್ದು ಮಾತ್ರ ಏಪ್ರಿಲ್‌ನಿಂದ ಜೂನ್‌ವರೆಗೆ, ಹೆಚ್ಚಾಗಿ ಶನಿವಾರಗಳಂದು.