ಗಾಲಿಬಿಯೇ ಘಟ್ಟದ ಸೈಕಲ್ ಸವಾರರು
ಫ್ರಾನ್ಸಿನ ಆಲ್ಪ್ಸ್ ಪರ್ವತಗಳ ನಡುವೆ ಆರ್ಕ್ ನದಿ ಹರಿಯುವ ಮೋರಿಯೆನ್ ಕಣಿವೆಯಿಂದ ದಕ್ಷಿಣಕ್ಕೆ ದಾಟಿಸುವ ಗಾಲಿಬಿಯೇ ಘಟ್ಟದಲ್ಲಿ, 2,556 ಮೀಟರ್ ಎತ್ತರದಲ್ಲಿ, 1891ರಲ್ಲಿ ಸುರಂಗವೊಂದು ಸಿದ್ಧವಾಯಿತು; ದೇಶವನ್ನು ಹಂತಹಂತವಾಗಿ ಸುತ್ತುವ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯು 1911ರಲ್ಲಿ ಮೊದಲ ಬಾರಿಗೆ ಈ ದಾರಿ ಹಿಡಿದಾಗ ಎಮಿಲ್ ಜಾರ್ಜೆ ಎಲ್ಲರಿಗಿಂತ ಮುಂದಾಗಿ ಘಟ್ಟವೇರಿದನು. ಡಾಂಬರು ಕಾಣದ ಆ ಏರಿನಲ್ಲಿ ಗೇರ್ ಬದಲಿಸಬೇಕಾದರೆ ಸವಾರನು ಕೆಳಗಿಳಿದು, ಎರಡು ಬದಿಗೂ ಬೇರೆ ಬೇರೆ ಅಳತೆಯ ಹಲ್ಲುಚಕ್ರಗಳಿದ್ದ ಹಿಂದಿನ ಗಾಲಿಯನ್ನು ಕಳಚಿ, ತಿರುಗಿಸಿ, ಮತ್ತೆ ಜೋಡಿಸಬೇಕಾಗಿತ್ತು. ಪೆಡಲ್ ತುಳಿಯುತ್ತಿರುವಾಗಲೇ ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೈಲರ್ ಎಂಬ ಸಾಧನವನ್ನು ಎಲ್ಲ ಸವಾರರೂ ಬಳಸಲು ಈ ಸ್ಪರ್ಧೆಯಲ್ಲಿ ಅನುಮತಿ ದೊರೆತದ್ದು 1937ರಲ್ಲಿ. ಆದ್ದರಿಂದ ಆ ಮೊದಲ ತಲೆಮಾರಿನ ಸವಾರರ ಸಾಧನೆಯನ್ನು ಇಂದಿನ ವೇಗದಿಂದ ಅಳೆಯುವುದು ನ್ಯಾಯವಲ್ಲ.