ಫಿರಂಗಿಯವನ ಪ್ರಶ್ನೆ

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಎರಡು ಮಾತು ಮತ್ತೆ ಮತ್ತೆ ಬರುತ್ತವೆ: ಘರ್ಷಣೆ ಇಲ್ಲವೆಂದು ಭಾವಿಸಿ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪಾಠ ಹೇಳಿದ ಅಷ್ಟೂ ವರ್ಷ ಇವನ್ನು ನಾನೂ ಬೋರ್ಡಿನ ಮೇಲೆ ಬರೆದಿದ್ದೇನೆ. “ಸಾರ್, ಗಾಳಿ ಇದ್ದೇ ಇರುತ್ತಲ್ಲ, ಇಲ್ಲ ಅಂತ ಯಾಕೆ ಅಂದ್ಕೋಬೇಕು?” ಎಂದು ಕೇಳುವ ಮಕ್ಕಳು ಎಲ್ಲ ತರಗತಿಯಲ್ಲೂ ಇರುತ್ತಿದ್ದರು. ಅವರಿಗೆ ನಾನು ಇಟಲಿಯ ಫಿರಂಗಿಯವರ ಕಥೆ ಹೇಳುತ್ತಿದ್ದೆ.

1531ರಲ್ಲಿ ವೆರೋನಾ ಪಟ್ಟಣದ ಒಬ್ಬ ಫಿರಂಗಿಯವ, ಗಣಿತದ ಮೇಷ್ಟ್ರು ನಿಕೊಲೊ ತಾರ್ತಾಲ್ಯಾನಲ್ಲಿಗೆ ಬಂದು, ಗುಂಡು ಅತಿ ದೂರ ಹೋಗಬೇಕಾದರೆ ಫಿರಂಗಿಯ ಬಾಯನ್ನು ಎಷ್ಟು ಎತ್ತಬೇಕೆಂದು ಕೇಳಿದ. ಆ ಮೇಷ್ಟ್ರು ಜೀವಮಾನದಲ್ಲಿ ಒಂದು ಬಂದೂಕನ್ನೂ ಹಾರಿಸಿದವನಲ್ಲ. ಬಾಲ್ಯದಲ್ಲಿ, 1512ರಲ್ಲಿ ಫ್ರೆಂಚ್ ಸೈನ್ಯ ಬ್ರೆಶಾ ಊರನ್ನು ಸೂರೆ ಮಾಡಿದಾಗ, ಸೈನಿಕನೊಬ್ಬನ ಕತ್ತಿ ಅವನ ದವಡೆ ಸೀಳಿತ್ತು. ಅಂದಿನಿಂದ ಮಾತು ತೊದಲು. ಯುದ್ಧ ಏನೆಂದು ಮೈಮೇಲೇ ಬರೆಸಿಕೊಂಡಿದ್ದ ಅವನು ಯೋಚಿಸಿ, 45 ಡಿಗ್ರಿ ಎಂದ. ಅಳೆಯುವುದಕ್ಕೆ ಮೂಲೆಮಟ್ಟದಂಥ ಒಂದು ಸಾಧನವನ್ನೂ ಹೇಳಿಕೊಟ್ಟ: ಅದರ ಉದ್ದನೆಯ ಕಾಲನ್ನು ಫಿರಂಗಿಯ ಬಾಯೊಳಗೆ ತೂರಿಸಿದರೆ, ತೂಗುಗುಂಡಿನ ದಾರ ಹನ್ನೆರಡು ಭಾಗದ ಕಮಾನಿನ ಮೇಲೆ ಕೋನ ತೋರಿಸುತ್ತದೆ. ಆರನೆಯ ಗುರುತೇ 45. ಮರುವರ್ಷ ವೆರೋನಾದಲ್ಲಿ ಇಬ್ಬರು ಫಿರಂಗಿಯವರು ಇದೇ ವಿಷಯಕ್ಕೆ ಬಾಜಿ ಕಟ್ಟಿದರು. ಗೆದ್ದವನು 45ರ ಪಕ್ಷದವನು.

ಉತ್ತರ ಬಂದರೂ ಗುಂಡಿನ ದಾರಿ ತಿಳಿದಿರಲಿಲ್ಲ. 1537ರ ತನ್ನ ಪುಸ್ತಕದಲ್ಲಿ ತಾರ್ತಾಲ್ಯಾ, ಗುಂಡು ಮೊದಲು ನೇರವಾಗಿ ಹೋಗಿ, ಆಮೇಲೆ ಕಮಾನಾಗಿ ಬಾಗಿ, ಕೊನೆಗೆ ಲಂಬವಾಗಿ ಬೀಳುತ್ತದೆಂದು ಬರೆದ. ದೂಡಿದ ಚಲನೆ, ತಾನಾಗಿ ಕೆಳಗೆ ಬೀಳುವ ಸಹಜ ಚಲನೆ ಎರಡೂ ಒಂದೇ ವಸ್ತುವಿನಲ್ಲಿ ಏಕಕಾಲಕ್ಕೆ ಇರಲಾರವು ಎಂಬ ಹಳೆಯ ನಂಬಿಕೆಯ ನೆರಳು ಇದು. 1546ರ ಹೊತ್ತಿಗೆ ಅವನೇ, ಆ ದಾರಿಯಲ್ಲಿ ಪೂರ್ತಿ ನೇರವಾದ ತುಂಡು ಒಂದೂ ಇಲ್ಲ ಎಂದು ಒಪ್ಪಿದ.

ಗಂಟು ಬಿಡಿಸಿದವನು ಗೆಲಿಲಿಯೊ. 1592ರಿಂದ 1610ರವರೆಗೆ ಪಾದುವಾದಲ್ಲಿ ಪಾಠ ಹೇಳಿದ ಅವನು ಮನೆಯಲ್ಲೇ ಕುಶಲಕರ್ಮಿಯೊಬ್ಬನನ್ನು ಇಟ್ಟುಕೊಂಡು ಸಾಧನಗಳನ್ನು ಮಾಡಿಸುತ್ತಿದ್ದ. ಬೀಳುವ ವಸ್ತುವಿನ ವೇಗ ಹೇಗೆ ಹೆಚ್ಚುತ್ತದೆಂದು ನೋಡಲು ಅವನು ಬಣ್ಣಿಸುವ ಇಳಿಜಾರು ಹಲಗೆ ಸುಮಾರು ಹನ್ನೆರಡು ಮೊಳ ಉದ್ದದ್ದು. ಅದರಲ್ಲಿ ಬೆರಳಗಲದ ಕಾಲುವೆ ನೆಟ್ಟಗೆ ಕೊರೆದು, ಒಳಗೆ ನುಣುಪಾದ ತೊಗಲಿನ ಹಾಳೆ ಅಂಟಿಸಿ, ಗುಂಡನೆಯ ಕಂಚಿನ ಗೋಲಿಯನ್ನು ಉರುಳಿಸುವುದು. ಹೊತ್ತು ಅಳೆಯಲು, ಸಣ್ಣ ಕೊಳವೆಯಿಂದ ಇಳಿದ ನೀರನ್ನು ತಕ್ಕಡಿಯಲ್ಲಿ ತೂಗುವುದು. ನಾವು ಒಂದು ಸಾಲಿನಲ್ಲಿ ಅಳಿಸಿಬಿಡುವ ಘರ್ಷಣೆಯನ್ನು ಅವನು ಕೈಯಿಂದ ಉಜ್ಜಿ ಉಜ್ಜಿ ಕಡಿಮೆ ಮಾಡಬೇಕಾಯಿತು.

ಸುಮಾರು 1608ರ ಅವನ ಒಂದು ಹಾಳೆ ಫ್ಲಾರೆನ್ಸಿನಲ್ಲಿ ಉಳಿದಿದೆ. ಇಳಿಜಾರಿನಿಂದ ಬಂದ ಗೋಲಿ ಮೇಜಿನಂಚಿನಿಂದ ಹಾರಿ ನೆಲದ ಮೇಲೆ ಎಲ್ಲಿ ಬಿತ್ತೆಂಬ ಲೆಕ್ಕ ಅದರಲ್ಲಿದೆ. ಒಂದು ಕಡೆ, ಅವನದೇ ಅಳತೆಯ ಮಾನದಲ್ಲಿ, ಲೆಕ್ಕದಂತೆ 1131 ಬರಬೇಕು, ಬಿದ್ದದ್ದು 1172ಕ್ಕೆ. ಪಕ್ಕದಲ್ಲೇ ‘ವ್ಯತ್ಯಾಸ 41’ ಎಂದು ಬರೆದಿದ್ದಾನೆ. ಆ 41ರ ಮೇಲೆ ನನಗೆ ಅಪಾರ ಗೌರವ. ಗೆಲಿಲಿಯೊ ಕಂಡದ್ದು ಇದು: ಅಡ್ಡಕ್ಕೆ ಒಂದೇ ವೇಗ, ಕೆಳಕ್ಕೆ ಹೆಚ್ಚುತ್ತ ಹೋಗುವ ವೇಗ. ಎರಡೂ ಒಟ್ಟಿಗೆ, ಒಂದನ್ನೊಂದು ಕೆಡಿಸದೆ ನಡೆದರೆ ದಾರಿ ಪರವಲಯವಾಗುತ್ತದೆ. ಇದು ಅಚ್ಚಾದದ್ದು 1638ರಲ್ಲಿ, ಲೈಡನ್ನಿನಲ್ಲಿ. ಆಗ ಗೆಲಿಲಿಯೊ ಕುರುಡನಾಗಿ ಗೃಹಬಂಧನದಲ್ಲಿದ್ದ. ಫಿರಂಗಿ ಗುಂಡಿನಂಥ ಅತಿ ವೇಗಕ್ಕೆ ಗಾಳಿ ಅಡ್ಡಬರುತ್ತದೆಂದು ಅಲ್ಲೇ ಎಚ್ಚರಿಸಿದ್ದ.

ಆ ಎಚ್ಚರಿಕೆಗೆ ಅಳತೆ ಕೊಟ್ಟವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ತೂಗುಬಿಟ್ಟ ಭಾರದ ಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ತೂಗಾಡಿತೆಂದು ನೋಡಿ, ಗುಂಡಿನ ವೇಗವನ್ನು ಕಂಡುಹಿಡಿದ. ಅವನ 1742ರ ಪುಸ್ತಕದಂತೆ ಕೋವಿಯ ಸೀಸದ ಗುಂಡು ಸೆಕೆಂಡಿಗೆ ಸುಮಾರು 1700 ಅಡಿ ಓಡುತ್ತದೆ. ವೇಗದ ವರ್ಗವನ್ನು ಗುರುತ್ವದಿಂದ ಭಾಗಿಸಿ ನೋಡಿ: 45 ಡಿಗ್ರಿಯಲ್ಲಿ ಅದು 17 ಮೈಲಿ ಹೋಗಬೇಕು. ನಿಜದಲ್ಲಿ ಅರ್ಧ ಮೈಲಿಯನ್ನೂ ಮುಟ್ಟುವುದಿಲ್ಲ. ಈ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದು, 1751ರಲ್ಲಿ ನಮ್ಮ ನೆರೆಯ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ.

ಘರ್ಷಣೆಯೂ ಹೀಗೆಯೇ ಲೆಕ್ಕಕ್ಕೆ ಮರಳಿತು. ಅದು ಒತ್ತುವ ಭಾರಕ್ಕೆ ತಕ್ಕಂತೆ ಇರುತ್ತದೆ, ತಾಗಿದ ಜಾಗದ ಅಗಲಕ್ಕಲ್ಲ ಎಂದು ಫ್ರೆಂಚ್ ವಿಜ್ಞಾನಿ ಅಮೊಂತೋನ್ 1699ರಲ್ಲಿ ಪ್ಯಾರಿಸ್ಸಿನಲ್ಲಿ ಹೇಳಿದ. ಅದೇ ದೇಶದ ಕೂಲಂಬ್ ಹಡಗುಕಟ್ಟೆಯ ಊರಾದ ರೋಶ್‌ಫೋರ್‌ನಲ್ಲಿ ಮರ, ಹಗ್ಗಗಳನ್ನು ಎಳೆದು ಅಳೆದು, 1781ರಲ್ಲಿ ಅದಕ್ಕೆ ಬಹುಮಾನ ಪಡೆದ.

ಗಾಳಿಯನ್ನೂ ಘರ್ಷಣೆಯನ್ನೂ ಬದಿಗಿಟ್ಟಿದ್ದರಿಂದಲೇ ಗುರುತ್ವದ ಕೆಲಸ ಕಂಡಿತು; ಅದು ಕಂಡಿದ್ದರಿಂದಲೇ ಬದಿಗಿಟ್ಟದ್ದನ್ನು ಅಳೆಯಲು ಬಂತು. ಈ ಎರಡನೆಯ ಹೆಜ್ಜೆಯನ್ನು ನಮ್ಮ ತರಗತಿಗಳು ಬಿಟ್ಟುಬಿಡುತ್ತವೆ ಎಂಬುದು ನನ್ನ ಕೊರಗು. ಲ್ಯಾಬಿನಲ್ಲಿ ಮಕ್ಕಳು ಸೂತ್ರಕ್ಕೆ ಹೊಂದುವಂತೆ ರೀಡಿಂಗ್ ತಿದ್ದುವುದನ್ನು ನಾವು ಕಂಡೂ ಸುಮ್ಮನಿರುತ್ತೇವೆ. ಲೆಕ್ಕದ ಬೆಲೆ, ಕಂಡ ಬೆಲೆ ಎಂಬ ಕಾಲಂಗಳ ಪಕ್ಕದಲ್ಲಿ ವ್ಯತ್ಯಾಸಕ್ಕೂ ಒಂದು ಕಾಲಂ ಇರಲಿ, ಅದನ್ನು ತುಂಬಿ ಕಾರಣ ಬರೆದವರಿಗೆ ಅಂಕ ಸಿಗಲಿ. ಗಾಳಿ ಎಲ್ಲಿ ಹೋಯಿತೆಂದು ಕೇಳುವ ಮಗುವಿಗೆ ಉತ್ತರ ಆ ಕಾಲಂನಲ್ಲೇ ಸಿಗುತ್ತದೆ.